ಒಳಗಿನಿಂದ ಕಂಡ ಕೊಲೆಗಾರ

ಕಾದಂಬರಿಯ ಪಾತ್ರವೊಂದು ನಮ್ಮ ಎಣಿಕೆ ಮೀರಿ ನಡೆದರೆ ಲೇಖಕನನ್ನು ಮೆಚ್ಚಬೇಕೋ, ಕೈಕೊಟ್ಟನೆಂದು ಬೈಯಬೇಕೋ? ಬ್ರಿಟನ್ನಿನ ಜೋ ಅಬರ್‌ಕ್ರಾಂಬಿ 2006ರಿಂದ 2008ರವರೆಗೆ ಹೊರತಂದ ‘ಫಸ್ಟ್ ಲಾ’ ಕಾದಂಬರಿತ್ರಯ ಓದಿದ ಮೇಲೆ ಈ ಪ್ರಶ್ನೆ ಬಿಟ್ಟೂ ಬಿಡದೆ ಕಾಡುತ್ತದೆ. ಮಾಂತ್ರಿಕ, ಒರಟು ವೀರ, ಸೊಕ್ಕಿನ ಶ್ರೀಮಂತ ತರುಣ, ದೂರದ ಪಯಣ: ಫ್ಯಾಂಟಸಿಯ ಹಳೇ ಸರಕೆಲ್ಲ ಅಲ್ಲಿದೆ. ಆದರೆ ಪಯಣ ಹೊರಟವರು ಜಗತ್ತಿನ ಅಂಚು ಮುಟ್ಟಿ ಬರಿಗೈಲಿ ಮರಳುತ್ತಾರೆ. ದಾರಿ ತೋರುವ ಮಾಂತ್ರಿಕನ ಮುಷ್ಟಿಯಲ್ಲಿ ಒಂದು ಬ್ಯಾಂಕೇ ಇದೆ.

ಇಷ್ಟಕ್ಕೇ ಮೆಚ್ಚುವುದಾದರೆ ಅದು ಅಗ್ಗದ ಮೆಚ್ಚುಗೆ. ಒಳ್ಳೆಯವನ ಕೈಗೆ ಇದ್ದಕ್ಕಿದ್ದಂತೆ ಚೂರಿ ಕೊಟ್ಟು ಓದುಗನನ್ನು ಬೆಚ್ಚಿಬೀಳಿಸಲು ಯಾರಿಗೂ ಆದೀತು. ಚೂರಿ ಮೊದಲಿಂದಲೂ ಕಣ್ಣೆದುರೇ ಇತ್ತಲ್ಲ ಎಂದು ಓದುಗ ಹಿಂದಿನ ಪುಟಗಳಿಗೆ ಮರಳುವಂತೆ ಮಾಡುವುದು ಕಷ್ಟ.

ಲೋಗನ್ ನೈನ್‌ಫಿಂಗರ್ಸ್‌ನನ್ನು ನೋಡಿ. ಉತ್ತರದ ಸೀಮೆಯ ಹೊಡೆದಾಟದವನು, ಮೈತುಂಬ ಗಾಯದ ಕಲೆ, ಇರುವುದು ಒಂಬತ್ತೇ ಬೆರಳು. ಹೆದರಿಕೆಯಾಯಿತು ಎನ್ನಲು ನಾಚುವುದಿಲ್ಲ. ಕೊಂದು ಕೊಂದು ಸಾಕಾಗಿದೆ, ಇನ್ನಾದರೂ ಒಳ್ಳೆಯವನಾಗಬೇಕು ಎನ್ನುತ್ತಾನೆ. ಸೊಕ್ಕಿನ ಜೆಜಾಲ್ ದಾರಿಯಲ್ಲಿ ಮುಖ ಒಡೆಸಿಕೊಂಡು ಮಲಗಿದಾಗ ಪಕ್ಕದಲ್ಲಿ ಕುಳಿತು ಧೈರ್ಯ ಹೇಳುವವನೂ ಇವನೇ. ಇವನ ಹೆಸರು ಕೇಳಿದರೆ ಉತ್ತರದವರು ನಡುಗುತ್ತಾರೆ, ಹಳೆಯ ಸಂಗಾತಿಗಳಿಗೂ ಇವನೆಂದರೆ ಒಳಗೊಳಗೇ ಅಳುಕು. ಅದೆಲ್ಲ ಮುಗಿದ ಕಥೆ ಎಂದು ನಾವು ಬದಿಗೆ ಸರಿಸುತ್ತೇವೆ. ಕೊನೆಯ ಪುಸ್ತಕದ ಕಾಳಗದಲ್ಲಿ ಉನ್ಮಾದ ಏರಿ ಅವನು ತನ್ನದೇ ಗೆಳೆಯ ತುಲ್ ಡುರುವನ್ನು ಕೊಲ್ಲುತ್ತಾನೆ. ಆಮೇಲೆ ಶತ್ರು ಬೆಥಾಡ್ ಹೇಳುವುದು ಇನ್ನೂ ಕಹಿ: ರಾಜಿಯಾಗಲು ನಾನು ಸಿದ್ಧನಿದ್ದೆ, ರಕ್ತ ಬೇಕಾಗಿದ್ದದ್ದು ನಿನಗೆ. ಕೆಟ್ಟವನ ಮಾತೆಂದು ತಳ್ಳಿಹಾಕೋಣವೆಂದರೆ ಓದಿದ್ದೆಲ್ಲ ಬೆಥಾಡನ ಪರವಾಗಿಯೇ ಸಾಕ್ಷಿ ನುಡಿಯುತ್ತದೆ.

ನಾವು ಏಮಾರಿದ್ದು ಅವನ ತಲೆಯೊಳಗೆ ಕುಳಿತು ಓದಿದ್ದರಿಂದ. ಒಳಗಿನ ದನಿಯೇ ನಿಜವಾದ ಮನುಷ್ಯ, ಕೈ ಮಾಡಿದ್ದು ಏನೋ ಸಂದರ್ಭದ ಫಲ ಎಂದು ನಮ್ಮ ನಮ್ಮ ವಿಷಯದಲ್ಲಿ ನಂಬಿಕೊಂಡೇ ಇರುತ್ತೇವಲ್ಲ, ಅದೇ ರಿಯಾಯಿತಿ ಲೋಗನ್‌ಗೂ ಸಿಕ್ಕಿತು. ಅವನ ಪಶ್ಚಾತ್ತಾಪ ಸುಳ್ಳಲ್ಲ. ಅದರಿಂದ ಅವನು ಬದಲಾಗಲಿಲ್ಲ, ಅಷ್ಟೆ. ಅಬರ್‌ಕ್ರಾಂಬಿ ಚಿತ್ರ ಸಂಕಲನಕಾರನಾಗಿದ್ದವನು. ಯಾರ ಕಣ್ಣಿಂದ ತೋರಿಸಿದರೆ ನೋಡುವವರು ಯಾರ ಕಡೆ ವಾಲುತ್ತಾರೆಂಬ ಲೆಕ್ಕ ಅವನಿಗೆ ಕರಗತ. (ಪಯಣದ ಜೊತೆಗಾತಿ ಫೆರೋಳ ವಿಷಯದಲ್ಲಿ ಮಾತ್ರ ಲೆಕ್ಕ ತಪ್ಪಿದೆ, ಮೂರು ಪುಸ್ತಕದುದ್ದಕ್ಕೂ ಅವಳದು ಒಂದೇ ಸೇಡಿನ ರಾಗ.)

ಗ್ಲೋಕ್ಟಾ ಲೋಗನ್‌ಗೆ ತದ್ವಿರುದ್ಧ. ಒಂದು ಕಾಲದ ಕತ್ತಿವರಸೆಯ ವೀರ, ಶತ್ರುವಿನ ಸೆರೆಯಲ್ಲಿ ಎರಡು ವರ್ಷ ಚಿತ್ರಹಿಂಸೆ ಅನುಭವಿಸಿ ಬಂದು ಈಗ ತಾನೇ ಚಿತ್ರಹಿಂಸೆಯ ಅಧಿಕಾರಿ. ಮೇಲೆ ಹಲ್ಲಿರುವ ಕಡೆ ಕೆಳಗಿಲ್ಲ, ಕೆಳಗಿರುವ ಕಡೆ ಮೇಲಿಲ್ಲ. ಅಗಿಯಲಾಗದಂತೆ ಲೆಕ್ಕಹಾಕಿ ಒಡೆದಿದ್ದಾರೆ. ಮೆಟ್ಟಿಲು ಕಂಡರೆ ಶಪಿಸುತ್ತಾನೆ. ರನ್ನನ ದುರ್ಯೋಧನನಿಗೆ ಮರುಗುವಾಗ ಅವನ ಛಲದ ಎತ್ತರಕ್ಕೂ ತಲೆಬಾಗಿರುತ್ತೇವೆ. ಗ್ಲೋಕ್ಟಾನಲ್ಲಿ ಅಂಥ ಎತ್ತರವೇನೂ ಇಲ್ಲ, ತಾನು ಒಳ್ಳೆಯವನೆಂಬ ಭ್ರಮೆಯೂ ಇಲ್ಲ. ಆದರೂ ಮುಗಿಸಿಬಿಡಬೇಕಿದ್ದ ಹೆಂಗಸೊಬ್ಬಳನ್ನು ಗುಟ್ಟಾಗಿ ಬಿಟ್ಟು ಕಳಿಸುತ್ತಾನೆ. ಯಾಕೆಂದು ಅವನಿಗೇ ಸರಿಯಾಗಿ ತಿಳಿಯದು.

ಇದೆಲ್ಲ ಬರೀ ಸಿನಿಕತನ, ಎಲ್ಲರೂ ಕೊಳೆತವರೇ ಎನ್ನುವ ವರಸೆ ಎಂದು ದೂರುವವರಿದ್ದಾರೆ. ಎಲ್ಲರೂ ಕೆಟ್ಟವರೆಂದು ಮೊದಲೇ ತೀರ್ಮಾನವಾದ ಲೋಕದಲ್ಲಿ ಯಾರು ಯಾರನ್ನು ಚಕಿತಗೊಳಿಸಿಯಾರು? ಸಾಮಾನ್ಯರ ಮನೆಯಿಂದ ಮೇಲೆ ಬಂದ ಸೇನಾಧಿಕಾರಿ ವೆಸ್ಟ್ ಈ ಪುಸ್ತಕಗಳ ಅತ್ಯಂತ ಮರ್ಯಾದಸ್ಥ ಮನುಷ್ಯ. ಅವನು ಸಿಟ್ಟಿನ ಭರದಲ್ಲಿ ತಂಗಿ ಆರ್ಡೀಯ ಮೇಲೆ ಕೈ ಮಾಡುತ್ತಾನೆ. ಮುಂದೆ, ಹೆಣ್ಣೊಬ್ಬಳ ಮೇಲೆ ಎರಗಿದ ಯುವರಾಜನನ್ನು ಪ್ರಪಾತಕ್ಕೆ ತಳ್ಳುವುದೂ ಅದೇ ಸಿಟ್ಟು. ಎರಡನೆಯದಕ್ಕೆ ನಾನು ಮನಸ್ಸಿನಲ್ಲೇ ಭೇಷ್ ಎಂದೆ. ಮೊದಲನೆಯದನ್ನು ಈಗ ಯಾವ ಲೆಕ್ಕಕ್ಕೆ ಹಾಕಲಿ? ಒಂದರಿಂದ ಇನ್ನೊಂದನ್ನು ವಜಾ ಮಾಡಲು ಆರ್ಡೀಯ ಒಪ್ಪಿಗೆ ಬೇಕು, ಅದನ್ನು ಯಾರೂ ಕೇಳಿಲ್ಲ.