ವಿದ್ಯೆಯ ಸಾಲ, ವಿದ್ಯೆಯ ಋಣ

ಕನ್ನಡದಲ್ಲಿ ಸಾಲ ಬೇರೆ, ಋಣ ಬೇರೆ. ಸಾಲಕ್ಕೆ ಪತ್ರವಿದೆ, ಬಡ್ಡಿಯಿದೆ, ಗಡುವಿದೆ; ಕೊನೆಯ ಕಂತು ಕಟ್ಟಿದ ದಿನ ಅದು ಮುಗಿಯುತ್ತದೆ. ಅನ್ನದ ಋಣ, ಮಣ್ಣಿನ ಋಣ ಎನ್ನುವವರು ಮೊತ್ತ ಎಷ್ಟೆಂದು ಕೇಳುವುದಿಲ್ಲ. ಬ್ಯಾಂಕಿನ ಹಣದಿಂದ ಓದಿದವರು ಸಂಬಳದಿಂದ ಸಾಲ ತೀರಿಸಿದಾಗ ವಿದ್ಯೆಯ ಋಣವೂ ತೀರುತ್ತದೆಯೇ ಎಂಬುದು ಧರ್ಮದ ಪ್ರಶ್ನೆ.

ಬ್ರಾಹ್ಮಣನು ಮೂರು ಋಣಗಳೊಡನೆ ಹುಟ್ಟುತ್ತಾನೆ ಎನ್ನುತ್ತದೆ ತೈತ್ತಿರೀಯ ಸಂಹಿತೆ. ಅವುಗಳಲ್ಲಿ ಋಷಿಋಣ ತೀರುವುದು ಬ್ರಹ್ಮಚರ್ಯದಿಂದ, ಅಂದರೆ ಅಧ್ಯಯನದಿಂದ. ಶತಪಥ ಬ್ರಾಹ್ಮಣ ಈ ಮಾತನ್ನು ಹುಟ್ಟಿದ ಎಲ್ಲರಿಗೂ ಅನ್ವಯಿಸಿ, ಮನುಷ್ಯಋಣವನ್ನೂ ಸೇರಿಸುತ್ತದೆ. ಇಲ್ಲಿ ಮುಖ್ಯವಾದ ಸಂಗತಿಯೊಂದಿದೆ: ಋಷಿಗಳಿಗೆ ಮರಳಿ ಕೊಡುವಂಥದ್ದು ಏನೂ ಇಲ್ಲ. ಪಡೆದದ್ದನ್ನು ಉಳಿಸಿ ಮುಂದಿನವರಿಗೆ ದಾಟಿಸುವುದೇ ತೀರುವಳಿ. ಈ ಋಣ ಹಿಂದಕ್ಕೆ ಹರಿಯುವುದಿಲ್ಲ, ಮುಂದಕ್ಕೆ ಹರಿಯುತ್ತದೆ.

ಲೆಕ್ಕ ಹಾಕಿದರೆ ಏನಾಗುತ್ತದೆಂಬುದನ್ನು ಕಾಳಿದಾಸನ ರಘುವಂಶದ ಐದನೆಯ ಸರ್ಗ ತೋರಿಸುತ್ತದೆ. ಶಿಷ್ಯನ ಸೇವೆಯೇ ಸಾಕೆಂದ ಗುರು ವರತಂತುವನ್ನು, ದಕ್ಷಿಣೆ ಏನೆಂದು ಹೇಳಿ ಎಂದು ಶಿಷ್ಯ ಕೌತ್ಸ ಮತ್ತೆ ಮತ್ತೆ ಪೀಡಿಸುತ್ತಾನೆ. ಸಿಟ್ಟಾದ ಗುರು ಹದಿನಾಲ್ಕು ವಿದ್ಯೆಗಳಿಗೆ ಹದಿನಾಲ್ಕು ಕೋಟಿ ಕೇಳುತ್ತಾನೆ. ಬೆಲೆ ಹುಟ್ಟಿದ್ದು ಕೋಪದಲ್ಲಿ. ಅದಕ್ಕೆ ಮೊದಲು ವಿದ್ಯೆಗೆ ಬೆಲೆಯೇ ಇರಲಿಲ್ಲ.

ಎಲೆಕ್ಟ್ರಾನಿಕ್ ಸಿಟಿ, ವೈಟ್‌ಫೀಲ್ಡ್‌ಗಳಿಗೆ ಬರುವ ಎಂಜಿನಿಯರಿಂಗ್ ಪದವೀಧರರ ಲೆಕ್ಕ ಸಣ್ಣದು, ಆದರೆ ಬಿಗಿಯಾದದ್ದು. ಬ್ಯಾಂಕುಗಳ ಮಾದರಿ ಯೋಜನೆಯಲ್ಲಿ 4 ಲಕ್ಷ ರೂಪಾಯಿವರೆಗಿನ ಸಾಲಕ್ಕೆ ಆಸ್ತಿಯ ಅಡಮಾನ ಬೇಡ. ಓದು ಮುಗಿದು ಒಂದು ವರ್ಷದವರೆಗೆ ಕಂತು ಕಟ್ಟಬೇಕಿಲ್ಲ. ಶೇ. 10ರ ಬಡ್ಡಿಯಲ್ಲಿ 4 ಲಕ್ಷವನ್ನು 7 ವರ್ಷಗಳಲ್ಲಿ ತೀರಿಸಲು ತಿಂಗಳಿಗೆ ಸುಮಾರು 6,640 ರೂಪಾಯಿ ಬೇಕು. ದೊಡ್ಡ ಐಟಿ ಕಂಪನಿಗಳಲ್ಲೂ ಫ್ರೆಶರ್‌ಗಳ ಆರಂಭಿಕ ಸಂಬಳ ಒಂದು ದಶಕಕ್ಕೂ ಹೆಚ್ಚು ಕಾಲ ವರ್ಷಕ್ಕೆ 3.5 ಲಕ್ಷದ ಆಸುಪಾಸಿನಲ್ಲೇ ನಿಂತಿತ್ತು. ಪಿ.ಜಿ. ಬಾಡಿಗೆ, ಊಟ, ಮನೆಗೆ ಕಳಿಸುವ ಹಣ ಕಳೆದರೆ ಉಳಿಯುವುದು ಅಷ್ಟಕ್ಕಷ್ಟೆ. ಪೀಣ್ಯದ ಸಣ್ಣ ಕಾರ್ಖಾನೆಗೆ ಸೇರಿದ ಡಿಪ್ಲೊಮಾದವರ ಕೈ ಇನ್ನೂ ಬಿಗಿ. ಸಂಶೋಧನೆಗೆ ಹೋಗಬೇಕೆಂದವರು, ಊರಿನ ಶಾಲೆಯಲ್ಲಿ ಪಾಠ ಹೇಳಬೇಕೆಂದವರು ಮೊದಲು ಸಿಕ್ಕ ಆಫರ್ ಲೆಟರ್ ಹಿಡಿಯುತ್ತಾರೆ. ಸಾಲದ ನಿಜವಾದ ಕಷ್ಟ ಇಲ್ಲಿದೆ: ಋಣ ತೀರಿಸಬೇಕಾದ ವರ್ಷಗಳನ್ನೇ ಅದು ತಿನ್ನುತ್ತದೆ.

ಹಾಗೆಂದು ಸಾಲವನ್ನು ಪೂರ್ತಿ ತಳ್ಳಿಹಾಕುವುದು ನ್ಯಾಯವಲ್ಲ. ವಾರಾನ್ನದ ಕಾಲದಲ್ಲಿ ಬಡ ಹುಡುಗ ದಿನಕ್ಕೊಂದು ಮನೆಯಲ್ಲಿ ಉಂಡು ಓದುತ್ತಿದ್ದ. ಆ ಅನ್ನದ ಹಿಂದೆ ಜಾತಿಯಿತ್ತು, ಮುಜುಗರವಿತ್ತು. ಹೆಣ್ಣುಮಕ್ಕಳಿಗೆ ಆ ದಾರಿಯೇ ಇರಲಿಲ್ಲ. ಬ್ಯಾಂಕಿನ ಸಾಲಗಾರರು ಯಾರ ಮುಂದೆಯೂ ತಲೆ ತಗ್ಗಿಸಬೇಕಿಲ್ಲ. ಸಾಲವಿಲ್ಲದ ದಾರಿಗಳೂ ಉಂಟು: ಸಿದ್ಧಗಂಗಾ ಮಠದ ದಾಸೋಹದಲ್ಲಿ ಅನ್ನ, ಅಕ್ಷರ, ಆಶ್ರಯಗಳಿಗೆ ಮರುಪಾವತಿಯೇ ಇಲ್ಲ. 1917ರಲ್ಲಿ ವಿಶ್ವೇಶ್ವರಯ್ಯನವರು ಬೆಂಗಳೂರಿನಲ್ಲಿ ಆರಂಭಿಸಿದ ಎಂಜಿನಿಯರಿಂಗ್ ಕಾಲೇಜಿನಂಥ ಸರ್ಕಾರಿ ಸಂಸ್ಥೆಗಳಲ್ಲಿ ಕಲಿತವರ ಖರ್ಚಿನ ಬಹುಪಾಲನ್ನು ತೆರಿಗೆ ಕಟ್ಟಿದವರು ಹೊತ್ತರು. ಆ ಪಾಲಿಗೆ ಸಾಲಪತ್ರವಿಲ್ಲ, ಋಣವಿದೆ.

ಸಾಲವನ್ನೂ ಮುಂದಕ್ಕೆ ಹರಿಸಿದ ಉದಾಹರಣೆಯುಂಟು. ಪೀಣ್ಯಕ್ಕೆ ಹೋಗುವ ದಾರಿಯಲ್ಲಿ ಸಿಗುವ ಭಾರತೀಯ ವಿಜ್ಞಾನ ಸಂಸ್ಥೆಯ ಕನಸು ಕಂಡ ಜಮ್‌ಶೆಟ್‌ಜಿ ಟಾಟಾ, ವಿದೇಶದಲ್ಲಿ ಓದುವವರಿಗಾಗಿ 1892ರಲ್ಲೇ ಒಂದು ನಿಧಿ ತೆರೆದಿದ್ದರು. ಅದು ಕೊಡುವುದು ದಾನವಲ್ಲ, ಸಾಲ. ಓದಿದವರು ಹಿಂದಿರುಗಿಸಿದ ಹಣ ಮತ್ತೊಬ್ಬ ವಿದ್ಯಾರ್ಥಿಯ ಓದಿಗೆ ಹೋಗುತ್ತದೆ.