ಅದತ್ತಾದಾನವೂ ಶಾಸ್ತ್ರದಾನವೂ



ಜ್ಯೇಷ್ಠ ಶುಕ್ಲ ಪಂಚಮಿಯಂದು ಶ್ರುತಪೂಜೆ ಮಾಡಿ, ಉಪವಾಸವನ್ನೋ ಏಕಾಶನವನ್ನೋ ಕೈಗೊಂಡು, ಮನೆಯ ಶಾಸ್ತ್ರಗ್ರಂಥಗಳ ಧೂಳನ್ನೊರಸಿ ಶುಭ್ರವಸ್ತ್ರದಲ್ಲಿ ಕಟ್ಟಿಡುವುದು ನಮ್ಮಲ್ಲಿ ನಡೆದುಬಂದ ಆಚಾರ. ಪುಷ್ಪದಂತ ಭೂತಬಲಿ ಆಚಾರ್ಯರು ಷಟ್ಖಂಡಾಗಮವನ್ನು ಗ್ರಂಥಸ್ಥಗೊಳಿಸಿದುದರ ಸ್ಮರಣೆಯ ದಿನವದು. ಆದರೆ ಈಗ ಶಾಸ್ತ್ರವು ವಸ್ತ್ರದ ಕಟ್ಟಿನಲ್ಲಿ ಮಾತ್ರ ಇರುವುದಿಲ್ಲ, ಮೊಬೈಲಿನಲ್ಲಿಯೂ ಇರುತ್ತದೆ. ವ್ರತವಿಧಾನದ ಪುಸ್ತಕವೊಂದನ್ನು ಯಾರೋ ಪುಟಪುಟವಾಗಿ ಚಿತ್ರ ತೆಗೆದು, ಅನುವಾದಕರ ಹೆಸರಿದ್ದ ಮೊದಲ ಪುಟವನ್ನು ಬಿಟ್ಟು, ನೂರು ಮನೆಗಳಿಗೆ ಕಳುಹುತ್ತಾರೆ. ಪಡೆದವರು ಪುಣ್ಯಕಾರ್ಯವೆಂದು ಭಾವಿಸಿ ಮತ್ತೂ ನೂರು ಮನೆಗಳಿಗೆ ಕಳುಹುತ್ತಾರೆ. ಇದು ದಾನವೋ ಸ್ತೇಯವೋ?

ಕೊಡದೆ ಇದ್ದುದನ್ನು ತೆಗೆದುಕೊಳ್ಳುವುದೇ ಸ್ತೇಯವೆಂದು ತತ್ತ್ವಾರ್ಥಸೂತ್ರವು ಹೇಳುತ್ತದೆ. ವಸ್ತುವು ಒಡೆಯನ ಬಳಿ ಉಳಿಯಿತೇ ಇಲ್ಲವೇ ಎಂಬುದು ಅಲ್ಲಿನ ಪ್ರಶ್ನೆಯಲ್ಲ. ಅವನು ಕೊಟ್ಟನೇ ಎಂಬುದೇ ಪ್ರಶ್ನೆ. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ತದಾಹೃತಾದಾನವೂ ಸೇರಿದೆ. ಕಳ್ಳನು ತಂದುದನ್ನು ಸ್ವೀಕರಿಸುವುದು ಅದರ ಅರ್ಥ. “ನಾನು ಕದಿಯಲಿಲ್ಲ, ಬಂದುದನ್ನು ಇಟ್ಟುಕೊಂಡೆ” ಎನ್ನುವವರು ಈ ಪದವನ್ನು ಮತ್ತೊಮ್ಮೆ ಮನನ ಮಾಡತಕ್ಕದ್ದು.

ನಮ್ಮ ನಾಡಿನಲ್ಲಿಯೇ ಈ ಪ್ರಶ್ನೆ ಬಹು ದೊಡ್ಡ ರೂಪದಲ್ಲಿ ಎದ್ದಿತ್ತು. ವೀರಸೇನಾಚಾರ್ಯರ ಧವಲಾ ಟೀಕೆಯ ತಾಳೆಯೋಲೆಗಳು ಶತಮಾನಗಳ ಕಾಲ ಮೂಡಬಿದಿರೆಯಲ್ಲಿ ರಕ್ಷಿತವಾಗಿದ್ದುವು. ಭಕ್ತರಿಗೆ ಅವುಗಳ ದರ್ಶನ ಮಾತ್ರ ಲಭ್ಯ, ಅಧ್ಯಯನವಿಲ್ಲ. ಮುಂಬಯಿಯ ಸೇಠ್ ಮಾಣಿಕಚಂದರೂ ಸೊಲ್ಲಾಪುರದ ಸೇಠ್ ಹೀರಾಚಂದ ನೇಮಚಂದರೂ ಬಹಳ ಪ್ರಯತ್ನಪಟ್ಟ ಮೇಲೆ, 19ನೆಯ ಶತಮಾನದ ಕೊನೆಯ ದಶಕದಲ್ಲಿ ಪ್ರತಿ ಮಾಡುವ ಕಾರ್ಯ ಆರಂಭವಾಯಿತು. ಪ್ರತಿಗಳು ಮೂಡಬಿದಿರೆಯಿಂದ ಹೊರಗೆ ಹೋಗಕೂಡದೆಂಬುದು ಅಲ್ಲಿಯವರ ನಿಲುವು. ಪ್ರತಿಕಾರರಾಗಿದ್ದ ಗಜಪತಿ ಉಪಾಧ್ಯಾಯರು ಪತ್ನಿ ಲಕ್ಷ್ಮೀಬಾಯಿಯವರ ನೆರವಿನಿಂದ ಗುಪ್ತವಾಗಿ ಇನ್ನೊಂದು ಕನ್ನಡ ಪ್ರತಿಯನ್ನು ಸಿದ್ಧಗೊಳಿಸಿದರು. ಅದನ್ನು ಸೇಠರಿಗೆ ಕೊಡಹೋದಾಗ ಅವರು ಕೊಳ್ಳಲಿಲ್ಲ. ಅದು ಅವರಿಗೆ ನ್ಯಾಯವೆಂದು ತೋರಲಿಲ್ಲ. ವರ್ಷಗಟ್ಟಲೆ ಯಾವ ಗ್ರಂಥಕ್ಕಾಗಿ ಹಂಬಲಿಸಿದ್ದರೋ ಅದೇ ಕೈಗೆ ಬಂದಾಗ ಕೈಚಾಚದೆ ನಿಂತುದು ಎಂತಹ ವ್ರತನಿಷ್ಠೆ! ಉಪವಾಸದ ದಿನ ಎದುರಿಗಿಟ್ಟ ಎಡೆಯನ್ನು ಮುಟ್ಟದಿರುವುದಕ್ಕಿಂತ ಇದು ಕಠಿನವೆಂದು ನನ್ನ ಭಾವನೆ.

ಆ ಪ್ರತಿಯನ್ನು ಬಳಿಕ ಸಹಾರನಪುರದ ಲಾಲಾ ಜಂಬೂಪ್ರಸಾದರು ತೆಗೆದುಕೊಂಡು ತಮ್ಮ ಮಂದಿರದಲ್ಲಿರಿಸಿದರು. ಅಲ್ಲಿ ನಾಗರಿಗೆ ಇಳಿಸಿದ ಸೀತಾರಾಮ ಶಾಸ್ತ್ರಿಗಳು ತಾವೂ ಒಂದು ಪ್ರತಿಯನ್ನು ಇಟ್ಟುಕೊಂಡರು. ಅದರಿಂದ ಪ್ರತಿಗಳು ಊರೂರಿಗೆ ಹಬ್ಬಿದುವು. 1939ರಲ್ಲಿ ಡಾ. ಹೀರಾಲಾಲ ಜೈನರು ಅಮರಾವತಿಯಿಂದ ಮೊದಲ ಸಂಪುಟವನ್ನು ಪ್ರಕಟಿಸಲು ಸಾಧ್ಯವಾದುದು ಈ ಪ್ರತಿಪರಂಪರೆಯಿಂದಲೇ. 1958ರ ವೇಳೆಗೆ 16 ಸಂಪುಟಗಳು ಪೂರ್ಣಗೊಂಡುವು.

“ಹಾಗಾದರೆ ಕಳವಿನಿಂದಲೇ ಶ್ರುತೋದ್ಧಾರವಾಯಿತಲ್ಲ?” ಎಂದು ಶ್ರಾವಕರು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಜ್ಞಾನಾವರಣ ಕರ್ಮದ ಆಸ್ರವಕಾರಣಗಳಲ್ಲಿ ಮಾತ್ಸರ್ಯವಿದೆ, ಅಂತರಾಯವಿದೆ. ಯೋಗ್ಯನಿಗೆ ಜ್ಞಾನವನ್ನು ಕೊಡದೆ ತಡೆಯುವುದೂ ದೋಷವೇ. ದಾಳಿ, ಕಳವು, ಅವಿನಯಗಳ ಭಯದಿಂದ ಓಲೆಗಳನ್ನು ಉಳಿಸಿದವರ ಉಪಕಾರವನ್ನು ಮರೆಯಲಾಗದು. ಆದರೆ ರಕ್ಷಣೆಯು ಬಂಧನವಾದುದನ್ನೂ ಒಪ್ಪಲೇಬೇಕು. ಫಲವು ಒಳಿತಾದ ಮಾತ್ರಕ್ಕೆ ಗುಪ್ತವಾಗಿ ತೆಗೆದುದು ದತ್ತವಾಗದು. ಸೇಠರು ಹೇಡಿಗಳಾಗಿರಲಿಲ್ಲ, ಬೀಗ ತೆರೆಯಿಸುವುದಕ್ಕಾಗಿ ವರ್ಷಗಟ್ಟಲೆ ದುಡಿದರು, ಆದರೆ ಬೀಗ ಮುರಿದು ತಂದುದನ್ನು ಕೊಳ್ಳಲಿಲ್ಲ. ಮುಂದೆ ಮೂಡಬಿದಿರೆಯವರೇ ಸಹಕರಿಸಿ ಮೂಲ ಓಲೆಗಳೊಡನೆ ಪಾಠವನ್ನು ಹೋಲಿಸಲು ಅವಕಾಶವಿತ್ತರು. ಪ್ರತಿಗಳಲ್ಲಿ ಬಿಟ್ಟುಹೋಗಿ ಬಹು ವಿವಾದಕ್ಕೆ ಎಡೆಮಾಡಿದ್ದ, 93ನೆಯ ಸೂತ್ರದ ‘ಸಂಜದ’ ಎಂಬ ಪದವು ಆ ಓಲೆಗಳಲ್ಲಿ ದೊರೆಯಿತು. ಒಡೆಯರು ತೆರೆದುಕೊಟ್ಟ ಮೇಲೆಯೇ ಪಾಠ ಶುದ್ಧವಾಯಿತು.

ಇನ್ನು ಅತ್ತಿಮಬ್ಬೆಯನ್ನು ನೋಡಿರಿ. 10ನೆಯ ಶತಮಾನದಲ್ಲಿ ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ಬರೆಯಿಸಿ ಹಂಚಿದ ದಾನಚಿಂತಾಮಣಿ ಆಕೆ. ಅದೂ ಪ್ರತಿ ಮಾಡುವುದೇ. ಆದರೆ ಲಿಪಿಕಾರನ ಕೂಲಿ ಆಕೆಯದು, ಕಾವ್ಯ ಪೊನ್ನನದು. ಸಾವಿರ ಪ್ರತಿಗಳಲ್ಲಿಯೂ ಅದು ಪೊನ್ನನದಾಗಿಯೇ ಉಳಿಯಿತು. ಜ್ಞಾನಾಚಾರದ ಎಂಟು ಅಂಗಗಳಲ್ಲಿ ಅನಿಹ್ನವವೂ ಒಂದು: ಯಾವ ಗುರುವಿನಿಂದ, ಯಾವ ಗ್ರಂಥದಿಂದ ಕಲಿತೆವೋ ಅದನ್ನು ಮರೆಮಾಚದಿರುವುದು. ಅದೇ ಎಂಟರಲ್ಲಿ ಉಪಧಾನವೂ ಇದೆ, ಆಹಾರನಿಯಮ ಹಿಡಿದು ಓದುವುದು. ಉಪಧಾನವನ್ನು ಪಾಲಿಸುತ್ತ ಅನುವಾದಕರ ಹೆಸರಿನ ಪುಟವನ್ನು ಹರಿದೆಸೆದರೆ ಆ ಜ್ಞಾನಾಚಾರವು ಹೇಗೆ ಪೂರ್ಣವಾದೀತು?

ಕಾಮಾಕ್ಷಿಪಾಳ್ಯದ ಕಾರ್ಖಾನೆಗಳ ನಡುವೆ ಬಾಳುವ ಗೃಹಸ್ಥರಿಗೆ ಇದು ಬೇಗ ಅರ್ಥವಾದೀತು. ಒಬ್ಬನು ಶ್ರಮಪಟ್ಟು ಬರೆದ ಅಚ್ಚಿನ ನಕ್ಷೆಯನ್ನು ಪಕ್ಕದವನು ಸದ್ದಿಲ್ಲದೆ ನಕಲು ಮಾಡಿ ಅದೇ ಮಾಲನ್ನು ಅಗ್ಗಕ್ಕೆ ಮಾರಿದರೆ ನಾವು ಏನೆನ್ನುತ್ತೇವೆ? ಕಾಗದದ ನಕ್ಷೆಗೆ ಒಂದು ನ್ಯಾಯ, ಅನುವಾದಕ್ಕೆ ಇನ್ನೊಂದು ನ್ಯಾಯವಿಲ್ಲ.

ಪ್ರಾಚೀನ ಆಚಾರ್ಯರ ಮೂಲಕೃತಿಗಳಿಗೆ ಈಗ ಒಡೆಯರಿಲ್ಲ. ಯಾರೂ ಪ್ರತಿ ಮಾಡಬಹುದು, ಮಾಡಲೂ ಬೇಕು. ಈಚಿನವರ ಅನುವಾದ, ಟಿಪ್ಪಣಿ, ಹಾಡುಗಳ ಮಾತು ಬೇರೆ. 1957ರ ಕೃತಿಸ್ವಾಮ್ಯ ಶಾಸನದಂತೆ ಕರ್ತೃವಿನ ಜೀವಿತಕಾಲವೂ ಅನಂತರ 60 ವರ್ಷಗಳೂ ಅವುಗಳ ಹಕ್ಕು ಕರ್ತೃವಿಗೆ, ಬಳಿಕ ಅವರ ವಾರಸುದಾರರಿಗೆ ಅಥವಾ ಹಕ್ಕು ಪಡೆದವರಿಗೆ ಸೇರಿರುತ್ತದೆ. ಸ್ವಂತ ಅಧ್ಯಯನಕ್ಕೆ ಬರೆದುಕೊಳ್ಳುವುದನ್ನು ಶಾಸನವೂ ತಡೆಯುವುದಿಲ್ಲ.

ಈ ವರ್ಷ ವ್ರತದ ಉದ್ಯಾಪನೆಗೆ ಪುಸ್ತಕ ಹಂಚಬೇಕೆಂದಿರುವ ಮನೆಯವರು ಮುದ್ರಣಾಲಯಕ್ಕೆ ಹೋಗುವ ಮುನ್ನ ಅನುವಾದಕರಿಗೆ, ಅವರು ಗತಿಸಿದ್ದರೆ ಮನೆಯವರಿಗೆ, ಒಂದು ಕಾಗದ ಬರೆಯಿರಿ. ಶಾಸ್ತ್ರಪ್ರಸಾರಕ್ಕೆ ಬೇಡವೆನ್ನುವವರು ವಿರಳ. ವಿಳಾಸವು ಬಹುತೇಕ ಪುಸ್ತಕದ ಆ ಮೊದಲ ಪುಟಗಳಲ್ಲಿಯೇ ಇರುತ್ತದೆ.