ತಿಕ್ಕುವ ಮೊದಲು

ಹಬ್ಬ ಬಂತೆಂದರೆ ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಮನೆಗಳಲ್ಲಿ ಹಿತ್ತಾಳೆಯ ಕೊಡ, ಚರಗಿಗಳು ಅಟ್ಟದಿಂದ ಕೆಳಗಿಳಿಯುತ್ತವೆ. ಹುಣಸೆಹಣ್ಣು, ಬೂದಿ ಸಿದ್ಧವಾಗುತ್ತವೆ. ಹಳೆಯ ಬಾಗಿಲುಗಳ ಚಿಲಕ, ಬಳೆಗಳಿಗೂ ದೇವಾಲಯದ ಮೇಣದಬತ್ತಿ ಕಂಬಗಳಿಗೂ ಅಂದು ಸ್ನಾನವೇ. ಬ್ರಾಸೋ ಡಬ್ಬಿ ತರುವವರೂ ಉಂಟು. ಮಾಸಿದ್ದು ಹೊಳೆಯುವುದನ್ನು ಕಂಡು ಹಿಗ್ಗದವರು ಯಾರು? ಆದರೂ ಪ್ರಿಯ ಓದುಗರೇ, ಹಳೆಯದನ್ನು ಹೊಸದರಂತೆ ಮಾಡುವುದು ಯಾವಾಗಲೂ ಅದಕ್ಕೆ ಮಾಡುವ ಉಪಕಾರವೇ?

ಹಿತ್ತಾಳೆ ಎಂದರೆ ತಾಮ್ರ ಮತ್ತು ಸತುವಿನ ಮಿಶ್ರಣ. ಗಾಳಿ, ತೇವ, ಕೈಬೆವರು ತಾಗಿ ಅದರ ಮೇಲೆ ಕಂದು ಪದರ ಕಟ್ಟುತ್ತದೆ. ಹುಣಸೆಯ ಹುಳಿ ಆ ಪದರವನ್ನು ಕರಗಿಸುತ್ತದೆ, ಬೂದಿ ಕೆರೆದು ತೆಗೆಯುತ್ತದೆ. ಆದರೆ ಆ ಪದರವೂ ಪಾತ್ರೆಯ ಲೋಹದಿಂದಲೇ ಆದದ್ದು. ಪ್ರತಿ ಹೊಳಪಿಗೂ ಪಾತ್ರೆ ತನ್ನ ಮೈಯಿಂದಲೇ ಕೊಂಚ ಬೆಲೆ ತೆರುತ್ತದೆ.

ನಿಮ್ಮ ಮನೆಯ ಹಳೆಯ ಕೊಡದ ಕಂಠವನ್ನು ಒಮ್ಮೆ ನೋಡಿ. ಮದುವೆಯಲ್ಲಿ ತವರಿನವರು ಕೊಟ್ಟದ್ದಾದರೆ ಅಲ್ಲಿ ಚುಕ್ಕಿ ಚುಕ್ಕಿಯಾಗಿ ಹೆಸರು ಕೊರೆಸಿರುತ್ತಾರೆ. ಐವತ್ತು ವರ್ಷ ಶ್ರದ್ಧೆಯಿಂದ ತಿಕ್ಕಿದ ಮನೆಯಲ್ಲಿಯೇ ಆ ಅಕ್ಷರಗಳು ಮೊದಲು ಅಳಿಯುತ್ತವೆ. ಸೋಮಾರಿಯ ಮನೆಯಲ್ಲಿ ಹೆಸರು ಭದ್ರವಾಗಿರುತ್ತದೆ! ಹಾಗೆಂದು ಶ್ರದ್ಧೆಯನ್ನು ತಪ್ಪೆನ್ನಲಾದೀತೇ?

ಏಕೆಂದರೆ ಬಿಡಬಾರದ ಕೊಳೆಯೂ ಇದೆ. ಕಲಾಯಿ ಸವೆದ ಪಾತ್ರೆಯಲ್ಲಿ ಹುಳಿ ಪದಾರ್ಥ ಇಟ್ಟರೆ ಹಸಿರು ಕಿಲುಬು ಏಳುತ್ತದೆ. ಅದು ವಿಷ. ಅದನ್ನು 'ಅಜ್ಜಿಯ ಕಾಲದ್ದು' ಎಂದು ಹಾಗೆಯೇ ಬಿಡುವುದು ಅಜ್ಜಿಗೆ ಕೊಡುವ ಗೌರವವಲ್ಲ. ತೊಳೆದು, ಕಲಾಯಿ ಹಾಕಿಸಿದರೇನೇ ಅದು ಮತ್ತೆ ಅಡುಗೆಗೆ ಯೋಗ್ಯ.

ಇದಕ್ಕೆ ತದ್ವಿರುದ್ಧವಾದದ್ದು ನೆರೆಯ ಬೀದರಿನ ಬಿದರಿ ಕಲೆ. ಹೆಚ್ಚು ಸತು, ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಬೆಳ್ಳಿಯ ತಂತಿ ಕೂರಿಸಿ, ಕೊನೆಗೆ ಕೋಟೆಯ ಹಳೆಯ ಮಣ್ಣು ಮತ್ತು ನವಸಾಗರ ಕಲಸಿದ ಬಿಸಿ ನೀರಿನಲ್ಲಿ ಅದ್ದುತ್ತಾರೆ. ಲೋಹ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. 2023ರಲ್ಲಿ ಪದ್ಮಶ್ರೀ ಪಡೆದ ಷಾ ರಶೀದ್ ಅಹ್ಮದ್ ಖಾದ್ರಿಯವರಂಥ ಕುಶಲಿಗಳ ಶ್ರಮವೆಲ್ಲ ಆ ಕಪ್ಪಿನಲ್ಲಿದೆ. ತಿಳಿಯದೆ ಬೂದಿ ಹಾಕಿ ತಿಕ್ಕಿದವನು ಕೊಳೆ ತೆಗೆದೆನೆಂದು ಹಿಗ್ಗುತ್ತಾನೆ, ತೆಗೆದದ್ದು ಕಲೆಯನ್ನೇ.

ಹಾಗಾದರೆ ಪ್ರಶ್ನೆ ಹೊಳಪಿನದಲ್ಲ, ತಿಳಿವಳಿಕೆಯದು. ಯಾವುದು ಕಿಲುಬು, ಯಾವುದು ಬಿದರಿಯ ಕಪ್ಪು? ಮನೆಯ ಹಿರಿಯರನ್ನು ತಿದ್ದಲು ಹೊರಡುವ ಮಕ್ಕಳೂ, ಸೊಸೆಯನ್ನು ತಮ್ಮ ಮನೆಯ ರೀತಿಗೆ ತಿಕ್ಕಿ ತರುವ ಅತ್ತೆಯರೂ ಇದನ್ನು ಕೇಳಿಕೊಳ್ಳುವುದು ಅಪರೂಪ. ಅಜ್ಜನ ಕುಡಿತ ಕಿಲುಬು. ಅವನ ಹಳ್ಳಿ ಮಾತು ಕಿಲುಬಲ್ಲ. ಸೊಸೆ ತವರಿನಿಂದ ತಂದ ಹಾಡು, ಅಡುಗೆಯ ರುಚಿ ಯಾವ ಲೆಕ್ಕದಲ್ಲಿಯೂ ಕೊಳೆಯಲ್ಲ. ಎರಡಕ್ಕೂ ಒಂದೇ ಬೂದಿ ಹಿಡಿಯುವುದು ನನಗಂತೂ ಅನ್ಯಾಯವೆನಿಸುತ್ತದೆ, ಉದ್ದೇಶ ಎಷ್ಟೇ ಒಳ್ಳೆಯದಿರಲಿ.

ಕೊಡದ ವಿಷಯಕ್ಕೆ ಬಂದರೆ, ಈ ಸಲ ತಿಕ್ಕುವ ಮೊದಲು ಕಂಠದ ಹೆಸರನ್ನು ಒಂದು ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ಮಸುಕಾಗಿದ್ದರೆ, ಅದು ಯಾರ ಹೆಸರೆಂದು ಬಲ್ಲ ಹಿರಿಯರು ಮನೆಯಲ್ಲಿ ಇರುವಾಗಲೇ ಕೇಳಿ. ಅಷ್ಟು ಜಾಗಕ್ಕೆ ಬೂದಿ ಬೇಡ, ಒದ್ದೆ ಬಟ್ಟೆ ಸಾಕು.